ಪುಕ್ಕಟೆ ತಿದ್ದಬೇಡ

ನೋಡಮ್ಮಾ, ಆ ಟ್ರಸ್ಟಿನವರು ವಾರ್ಷಿಕ ವರದಿಯ ಮೇಲೆ ಒಂದು ಸಲ ಕಣ್ಣಾಡಿಸಿ ಕೊಡಿ ಅಂದರು, ದುಡ್ಡಿನ ಮಾತು ಎತ್ತಲಿಲ್ಲ, ಕೇಳಲು ನಿನಗೂ ಸಂಕೋಚವಾಯಿತು ಅಂದೆಯಲ್ಲ. ಮಕ್ಕಳ ಓದಿಗೋ ರಂಗಭೂಮಿಗೋ ದುಡಿಯುವವರ ಹತ್ತಿರ ಕೂಲಿ ಕೇಳಬಾರದು ಅನ್ನುವ ಈ ಮುಜುಗರ ನಮ್ಮ ಕಾಲದಲ್ಲೂ ಇತ್ತು. ಆದರೆ ಅದೇ ವರದಿಗೆ ಪ್ರೆಸ್ಸಿನವರು ಬಿಲ್ಲು ಕೊಡುತ್ತಾರೆ, ಪುಟ ಕಟ್ಟುವವರು ಕೊಡುತ್ತಾರೆ, ಆಡಿಟರೂ ಕೊಡುತ್ತಾರೆ. ಅಕ್ಷರ ನೋಡುವವರು ಮಾತ್ರ ಪುಣ್ಯ ಕಟ್ಟಿಕೊಳ್ಳಬೇಕಂತೆ.

ನಾನು ದುಡ್ಡು ಕೇಳು ಅನ್ನುವುದು ನಿನ್ನ ಮನೆ ಬಾಡಿಗೆಗಾಗಿ ಮಾತ್ರ ಅಲ್ಲ. ದುಡ್ಡು ತಗೊಂಡವಳು ‘ಈ ಪುಟ ಹೀಗೆ ಅಚ್ಚಿಗೆ ಹೋಗಕೂಡದು’ ಅಂತ ಪಟ್ಟು ಹಿಡಿಯಬಹುದು. ಉಪಕಾರಕ್ಕೆ ಬಂದವಳು ಅದೇ ಮಾತು ಹೇಳಿದರೆ ‘ತುಂಬಾ ಥ್ಯಾಂಕ್ಸ್ ಮೇಡಂ’ ಅಂದು ಬದಿಗಿಡುತ್ತಾರೆ. ಈ ಕೆಲಸದಲ್ಲಿ ಪಟ್ಟು ಹಿಡಿಯಬೇಕಾದ ಜಾಗಗಳು ಬಹಳ.

ಮೊದಲನೆಯದು ಅಂಕಿ. ಮುನ್ನುಡಿಯಲ್ಲಿ ನಲವತ್ತೆರಡು ಶಾಲೆ ಅಂತಿರುತ್ತದೆ, ಒಳಗಿನ ಕೋಷ್ಟಕದಲ್ಲಿ ಮೂವತ್ತೆಂಟು. ಬರೆದವರು ಸುಳ್ಳು ಹೇಳಿರುವುದಿಲ್ಲ. ಒಬ್ಬರು ಜೂನ್‌ನಲ್ಲಿ ಎಣಿಸಿರುತ್ತಾರೆ, ಇನ್ನೊಬ್ಬರು ಮಾರ್ಚ್‌ನಲ್ಲಿ. ಹಣ ಕೊಟ್ಟ ಕಂಪನಿಯವರ ಕಣ್ಣು ಮಾತ್ರ ಸೀದಾ ಅಲ್ಲಿಗೇ ಹೋಗುತ್ತದೆ. ಕಾಗುಣಿತ ಆಮೇಲೆ ನೋಡು. ಮೊದಲು ಅಂಕಿಗಳನ್ನೆಲ್ಲ ಒಂದು ಹಾಳೆಗೆ ಇಳಿಸಿಕೊ.

ಎರಡನೆಯದು ಮಕ್ಕಳು. ಆಶ್ರಯ ತಪ್ಪಿದ ಮಕ್ಕಳ ಕಥೆಗೆ ನಗುಮುಖದ ಫೋಟೊ, ಕೆಳಗೆ ಹೆಸರು, ಊರು, ಶಾಲೆ. ಎಲ್ಲ ಪ್ರೀತಿಯಿಂದಲೇ ಹಾಕಿರುತ್ತಾರೆ. ಆದರೆ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ, ಪಾಲನೆ ಮತ್ತು ರಕ್ಷಣೆ ಬೇಕಾದ ಮಕ್ಕಳ ಗುರುತು ಸಿಗುವಂತೆ ಯಾವ ವಿವರವನ್ನೂ ಪ್ರಕಟಿಸುವ ಹಾಗಿಲ್ಲ. ಇದನ್ನು ಹಿಡಿಯಬೇಕಾದವಳು ನೀನೇ, ನಿನ್ನ ನಂತರ ಯಾರೂ ಓದುವುದಿಲ್ಲ.

ಇನ್ನು ಮಾತಿನ ಧಾಟಿ. ತಾಯಿಯೊಬ್ಬಳು ‘ಮಗಳು ಈಗ ಬಸ್ಸಿನ ಬೋರ್ಡು ಓದ್ತಾಳೆ’ ಅಂದಿದ್ದನ್ನು ವರದಿ ಬರೆದವರು ‘ಸಾಕ್ಷರತಾ ಸಾಮರ್ಥ್ಯದಲ್ಲಿ ಗಣನೀಯ ಸುಧಾರಣೆ ಕಂಡುಬಂದಿದೆ’ ಅಂತ ಮಾಡಿರುತ್ತಾರೆ. ಕ್ಷೇತ್ರಕ್ಕೆ ಹೋಗಿಬಂದವರ ಹತ್ತಿರ ಟಿಪ್ಪಣಿ ಕೇಳಿ ಪಡೆ. ಆ ಬಸ್ಸಿನ ಬೋರ್ಡು ವಾಪಸ್ ಬರಲಿ. ವರದಿಯಲ್ಲಿ ಜನ ನಿಜವಾಗಿ ಓದುವುದು ಅಷ್ಟನ್ನೇ.

ಸಾಂಸ್ಕೃತಿಕ ಸಂಸ್ಥೆಗಳ ಸ್ಮರಣ ಸಂಚಿಕೆಯದು ಬೇರೆಯೇ ರಗಳೆ. ಅಲ್ಲಿ ಕಲಾವಿದರ ಹೆಸರೇ ಪ್ರಾಣ. ಭಾಗವತರ ಹೆಸರಲ್ಲಿ ಒಂದು ಒತ್ತು ತಪ್ಪಿದರೆ ಮುಂದಿನ ವರ್ಷ ಅವರ ಮನೆ ಮುಂದೆ ಹಾದುಹೋಗುವುದೂ ಕಷ್ಟ. ದಾನಿಗಳ ಪಟ್ಟಿಯ ಹಿಂದು ಮುಂದಿಗೆ ಮಾತ್ರ ಕೈ ಹಾಕಬೇಡ, ಅದು ಕಮಿಟಿಯವರ ಪಾಡು.

ನೀನು ಯೂನಿಕೋಡ್‌ನಲ್ಲಿ ಚೊಕ್ಕವಾಗಿ ತಿದ್ದಿ ಕೊಟ್ಟದ್ದನ್ನು ಪುಟ ಕಟ್ಟುವವರು ಇನ್ನೂ ಹಳೆಯ ನುಡಿ ಫಾಂಟಿಗೆ ತಿರುಗಿಸುವುದುಂಟು. ಆಗ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ, ಒತ್ತಕ್ಷರ ಮಾಯವಾಗುತ್ತದೆ. ಬೈಗುಳ ಬರುವುದು ನಿನಗೆ. ಪುಟ ಕಟ್ಟಿದ ಮೇಲಿನ ಪಿಡಿಎಫ್ ಒಂದು ಸುತ್ತು ಓದುವುದು, ಅದಕ್ಕೂ ಹಣ, ಇಷ್ಟನ್ನು ಮೊದಲೇ ಬರೆಸಿಕೊ.

ಅವರ ಕಷ್ಟವೂ ನಿನಗೆ ಗೊತ್ತಿರಬೇಕು. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆ ಆ ಹಣದಲ್ಲಿ ಆಡಳಿತಕ್ಕೆ ಮಾಡಬಹುದಾದ ಖರ್ಚನ್ನು ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿ ಶೇ. 50ರಿಂದ 20ಕ್ಕೆ ಇಳಿಸಿತು. ವರದಿ ಬರೆಸುವ ಖರ್ಚು ನಿಯಮದ ಪ್ರಕಾರ ಆ ಆಡಳಿತದ ಬಾಬ್ತಿನಲ್ಲೇ ಬರುತ್ತದೆ. ಹಾಗಾಗಿ ಅವರು ಕೈ ಹಿಂದೆಗೆದರೆ ಅದು ಜಿಪುಣತನವೇ ಅಂದುಕೊಳ್ಳಬೇಡ. ಮಕ್ಕಳ ಪುಸ್ತಕವೋ ಶಿಕ್ಷಕರ ಕೈಪಿಡಿಯೋ ಆದರೆ ಮಾತು ಬೇರೆ. ಅದು ಅವರ ಕಾರ್ಯಕ್ರಮದ ಭಾಗವೇ. ಯೋಜನೆಯ ಬಜೆಟ್ ಬರೆಯುವಾಗಲೇ ಸಂಪಾದನೆಗೆ ಒಂದು ಸಾಲು ಸೇರಿಸಿ ಅಂತ ಹೇಳು. ವರ್ಷದ ಕೊನೆಗೆ ಕೇಳಿದರೆ ಅವರ ಹತ್ತಿರ ನಿಜವಾಗಿಯೂ ಇರುವುದಿಲ್ಲ.

ದರ ಹೇಳುವಾಗ ಒಂದು ಎಚ್ಚರ. ಇಂಗ್ಲಿಷಿನಿಂದ ತಂದ ಬರಹಕ್ಕೆ ಪದದ ಲೆಕ್ಕದಲ್ಲಿ ಕೊಡುತ್ತೇವೆ ಅಂದರೆ, ಮೂಲದ ಪದಗಳನ್ನು ಎಣಿಸಿ ಅನ್ನು. ನಮ್ಮಲ್ಲಿ ವಿಭಕ್ತಿ, ಸಂಧಿ ಎಲ್ಲ ಒಂದೇ ಪದದೊಳಗೆ ಕೂರುತ್ತವೆ. ಸಾವಿರ ಪದದ ಇಂಗ್ಲಿಷ್ ಕನ್ನಡಕ್ಕೆ ಬಂದಾಗ ಎಷ್ಟೋ ಕಡಿಮೆಯಾಗಿರುತ್ತದೆ. ದುಡಿಮೆ ಮಾತ್ರ ಕಡಿಮೆಯಾಗಿರುವುದಿಲ್ಲ.

ನೀನೇ ಬರೆದ ಬರಹವಾದರೆ ಹಕ್ಕಿನ ಮಾತೂ ಬರುತ್ತದೆ. ನೌಕರಳಲ್ಲದವಳು ಬರೆದದ್ದರ ಮೊದಲ ಹಕ್ಕು, ಬೇರೆ ಕರಾರಿಲ್ಲದಿದ್ದರೆ, ಅವಳದೇ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಅದನ್ನು ಬಿಟ್ಟುಕೊಡಬೇಕಾದರೆ ಬರಹದಲ್ಲೇ ಆಗಬೇಕು. ಕೊಡಬೇಡ ಅನ್ನುತ್ತಿಲ್ಲ. ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕಥೆಗಳು ಮುಕ್ತ ಪರವಾನಗಿಯಲ್ಲಿವೆ. ಹೆಸರು ಹಾಕಿ ಯಾರು ಬೇಕಾದರೂ ಬಳಸಬಹುದು, ಅನುವಾದಿಸಬಹುದು. ಹಾಗಾಗಿಯೇ ಒಂದು ಕಥೆ ಎಷ್ಟೋ ಭಾಷೆಗಳ ಮಕ್ಕಳಿಗೆ ತಲುಪುತ್ತದೆ. ಒಳ್ಳೆಯದೇ. ಓದಿಕೊಂಡು ಸಹಿ ಹಾಕು, ಅಷ್ಟೇ.

ಯಾರಿಗೂ ಪುಕ್ಕಟೆ ಮಾಡಲೇಬಾರದೇ? ಮಾಡು ತಾಯಿ, ವರ್ಷಕ್ಕೊಂದು, ನಿನಗೆ ಇಷ್ಟವಾದವರಿಗೆ. ಆದರೆ ಬಿಲ್ಲಿನಲ್ಲಿ ಪೂರ್ತಿ ಮೊತ್ತ ಬರೆದು, ಅದರ ಕೆಳಗೆ ‘ಸಂಸ್ಥೆಗೆ ರಿಯಾಯಿತಿ’ ಅಂತ ಕಳೆ. ಅವರು ಎಷ್ಟು ಪಡೆದರು ಅನ್ನುವುದು ಅವರಿಗೆ ತಿಳಿಯಲಿ. ನಿನಗೆ ಬರುವ ಹಣದಲ್ಲಿ ಅವರು ಕಳೆದ ಟಿಡಿಎಸ್ ನೀನು ಕಟ್ಟಬೇಕಾದ ತೆರಿಗೆಗಿಂತ ಹೆಚ್ಚಾಗಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ತರಿಸಿಕೊ. ಎಷ್ಟೋ ಜನ ಅದನ್ನು ಹಾಗೇ ಬಿಡುತ್ತಾರೆ.

ಈಗ ಆ ಟ್ರಸ್ಟಿಗೆ ಒಂದು ಮೇಲ್ ಬರೆ. ಎಷ್ಟು ಪುಟ, ಎಷ್ಟು ಸುತ್ತು, ಕರಡು ಯಾವಾಗ ಕೈಗೆ ಬರುತ್ತದೆ, ಎಷ್ಟು ಹಣ, ಯಾವಾಗ ಕೊಡುತ್ತಾರೆ. ಕಳಿಸುವ ಮುಂಚೆ ನನಗೆ ತೋರಿಸಬೇಡ, ನಾನು ಮೊತ್ತ ಏರಿಸುತ್ತೇನೆ.