ಉದ್ಯಮವು ನಿಂತಲ್ಲಿಯೇ ನಿಂತಾಗ

‘ಉದ್ಯಮ’ವೆಂಬ ಶಬ್ದವು ‘ಉತ್’ ಎಂಬ ಉಪಸರ್ಗದೊಡನೆ ‘ಯಮ್’ ಧಾತುವು ಸೇರಿ ಆದುದು. ಮೇಲಕ್ಕೆತ್ತಿ ಹಿಡಿಯುವುದೆಂಬುದು ಅದರ ಮೂಲಾರ್ಥ. ಕೈಗಾರಿಕೆ, ವ್ಯಾಪಾರಗಳೆಂಬ ಅರ್ಥವು ಈಚಿನದು. ಎತ್ತುವುದು ಕ್ಷಣದ ಕೆಲಸ, ಹಿಡಿದಿರುವುದೇ ಕಷ್ಟ. ಇಂಡಿಯ ತೋಟದಲ್ಲಿ ನಿಂಬೆಯ ಸಸಿ ನೆಟ್ಟವನು ನಾಲ್ಕೈದು ವರ್ಷ ಫಲವಿಲ್ಲದೆ ನೀರೆರೆಯಬೇಕು. ಸಿಂದಗಿಯಲ್ಲಿ ಎಣ್ಣೆಯ ಗಾಣ ಹೂಡಿದವನಿಗೂ, ಮುದ್ದೇಬಿಹಾಳದಲ್ಲಿ ಅಂಗಡಿ ತೆರೆದವನಿಗೂ ಕಾಯುವ ಕಾಲ ತಪ್ಪಿದ್ದಲ್ಲ. ಆದರೆ ಸಸಿಯ ಬೆಳವಣಿಗೆಯು ಕಣ್ಣಿಗೆ ಕಾಣುತ್ತದೆ. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಅಷ್ಟೂ ಕಾಣದಿರಬಹುದು. ಮನಸ್ಸು ಕುಗ್ಗುವುದು ಆಗಲೇ.

ಇದಕ್ಕೆ ದೂರದ ನಿದರ್ಶನ ಬೇಕಿಲ್ಲ. ಫ. ಗು. ಹಳಕಟ್ಟಿಯವರನ್ನು (1880–1964) ವಚನಗಳ ಸಂಶೋಧಕರೆಂದು ಎಲ್ಲರೂ ಬಲ್ಲರು. ಉದ್ಯಮಿಯೆಂದು ನೋಡಿದವರು ವಿರಳ. ಧಾರವಾಡದಲ್ಲಿ ಹುಟ್ಟಿ, ಇಂದಿನ ವಿಜಯಪುರದಲ್ಲಿ ವಕೀಲರಾಗಿ ನೆಲೆಸಿದ ಅವರು, ಬಸವನ ಬಾಗೇವಾಡಿಯ ಬಸವಣ್ಣನವರ ಹಾಗೂ ಅವರ ಸಮಕಾಲೀನರ ವಚನಗಳಿದ್ದ ತಾಳೆಗರಿಗಳನ್ನು ಮನೆಮನೆ, ಮಠಮಠ ತಿರುಗಿ ಕೂಡಿಸಿದರು. ಓಲೆಗಳು ಕೂಡಿದವು, ಅಚ್ಚಾಗುವ ದಾರಿ ಮಾತ್ರ ಕಾಣಲಿಲ್ಲ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳುಹಿಸಿದ ‘ವಚನಶಾಸ್ತ್ರಸಾರ’ದ ಹಸ್ತಪ್ರತಿಯು ಅಚ್ಚಾಗದೆ ಮರಳಿತು.

ಕೆಲಸ ನಿಂತಿತೆಂದು ಕೈಚೆಲ್ಲುವುದಕ್ಕೂ, ಬಂಡಿಯ ಯಾವ ಗಾಲಿಯು ಹೂತಿದೆಯೆಂದು ಇಳಿದು ನೋಡುವುದಕ್ಕೂ ಬಹಳ ಅಂತರವುಂಟು. ಹಳಕಟ್ಟಿಯವರು ಇಳಿದು ನೋಡಿದರು. ಹೂತಿದ್ದುದು ಸಂಗ್ರಹವಲ್ಲ, ಸಂಪಾದನೆಯಲ್ಲ, ಮುದ್ರಣವೊಂದೇ. ಗ್ರಂಥದ ಮೊದಲ ಭಾಗವನ್ನು ಬೆಳಗಾವಿಯಲ್ಲಿ ಅಚ್ಚು ಮಾಡಿಸಿ 1923ರಲ್ಲಿ ಹೊರತಂದರು. ಆದರೆ ಪರಸ್ಥಳದ ಮುದ್ರಣವನ್ನೇ ನೆಚ್ಚಿದವನ ಕರಡು ಪ್ರತಿಗಳು ಅಂಚೆಯಲ್ಲಿ ಹೋಗಿ ಬರಬೇಕು. ಇಂದು ಬೇಕಾದ ಹಾಳೆಯು ಎಂದೋ ಕೈಸೇರುವುದು. ಆದುದರಿಂದ 1925ರಲ್ಲಿ ತಮ್ಮ ಮನೆಯನ್ನು ಮಾರಿ ‘ಹಿತಚಿಂತಕ’ ಮುದ್ರಣಾಲಯವನ್ನು ತಮ್ಮೂರಿನಲ್ಲಿಯೇ ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ, 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆ ಹೊರಟವು. ಅದೇ 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವೂ ಅವರಿಗೆ ದೊರೆಯಿತು. ಪೀಠದ ಗೌರವದಿಂದ ಕಾಗದದ ಬೆಲೆ ತೀರುವುದಿಲ್ಲವೆಂಬುದು ಬೇರೆ ಮಾತು. ಅಚ್ಚುಮೊಳೆಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದ ಆ ಕಾಲದಲ್ಲಿ ಸಂಚಿಕೆಯ ಹಿಂದೆ ಸಂಚಿಕೆಯಾಗಿ ‘ಶಿವಾನುಭವ’ವು ಮೂರು ದಶಕಗಳಿಗೂ ಮಿಕ್ಕಿ ನಡೆಯಿತು. ಅಷ್ಟು ದೀರ್ಘಕಾಲದ ಧೈರ್ಯವು ಒಮ್ಮೆಲೇ ಯಾರಿಗೂ ಒದಗದು. ಮುಂದಿನ ಸಂಚಿಕೆಗೆ ಸಾಲುವಷ್ಟು ಧೈರ್ಯವಿದ್ದರೆ ಅಂದಿನ ಕೆಲಸ ಸಾಗುತ್ತದೆ.

ಮನೆ ಮಾರಿದ ಸಂಗತಿಯನ್ನು ಭಾಷಣಗಳಲ್ಲಿ ಹೊಗಳುವುದು ಸುಲಭ. ಎಲ್ಲರೂ ಹಾಗೆಯೇ ಮಾಡಲೆಂದು ಬೋಧಿಸುವವರು, ಮಾರಿದ ಮನೆಯಲ್ಲಿ ಹೆಂಡಿರು ಮಕ್ಕಳೂ ಇದ್ದರೆಂಬುದನ್ನು ನೆನೆಯಬೇಕು. ಹಳಕಟ್ಟಿಯವರ ಇಳಿವಯಸ್ಸು ಬಡತನದಲ್ಲಿಯೇ ಕಳೆಯಿತು. ಇದೇ ಪುರುಷರು 1910ರಲ್ಲಿ ಬಿ.ಎಲ್.ಡಿ.ಇ. ವಿದ್ಯಾಸಂಸ್ಥೆಯ, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಗೆ ಕಾರಣರಾದವರು. ಅವುಗಳ ಭಾರಕ್ಕೆ ದಾನಿಗಳ, ಸದಸ್ಯರ ಹಲವು ಹೆಗಲುಗಳು ಸೇರಿದ್ದವು. ಒಬ್ಬರು ದಣಿದಾಗ ಇನ್ನೊಬ್ಬರು ಹೊತ್ತರು. ಪತ್ರಿಕೆಯ ಭಾರವಾದರೋ ಬಹುಮಟ್ಟಿಗೆ ಒಂದೇ ಹೆಗಲಿನದು. ಬ್ಯಾಂಕೂ ವಿದ್ಯಾಸಂಸ್ಥೆಯೂ ನೂರು ವರ್ಷಗಳನ್ನು ದಾಟಿ ಇಂದಿಗೂ ನಡೆಯುತ್ತಿವೆ.