ಮಾರಾಟ ನಡೆದಿರುವಾಗ ಕೋಷ್ಟಕದ ರಚನೆ ಬದಲಿಸುವ ಕ್ರಮ

ಲೇಬಲ್ ಹಚ್ಚಿದ ಪೊಟ್ಟಣಗಳಲ್ಲಿ ಬೇಳೆ ಮಾರುವ ಬೀದರ್‌ನ ವ್ಯಾಪಾರಿಯೊಬ್ಬರಿಗೆ ಭಾಲ್ಕಿ ಮತ್ತು ಔರಾದ್‌ನಲ್ಲಿ ಶಾಖೆಗಳಿದ್ದು, ಮೂರೂ ಕಡೆಯ ಬಿಲ್ಲುಗಳು ಬೀದರ್‌ನ ಒಂದೇ ಸರ್ವರ್‌ನಲ್ಲಿ ದಾಖಲಾಗುತ್ತವೆ ಎಂದು ಭಾವಿಸೋಣ. ತಂತ್ರಾಂಶ ರಚಿಸಿದವರು ಎಚ್‌ಎಸ್‌ಎನ್ ಸಂಕೇತದ ಕಾಲಮನ್ನು ‘ಸಂಖ್ಯೆ’ ಮಾದರಿಯಲ್ಲಿ ಇಟ್ಟಿದ್ದಾರೆ. ತೊಗರಿ, ಉದ್ದು, ಹೆಸರು ಮುಂತಾದ ಒಣ ದ್ವಿದಳ ಧಾನ್ಯಗಳ ಸಂಕೇತ 0713. ಸಂಖ್ಯೆಯ ಕಾಲಂನಲ್ಲಿ ಮೊದಲ ಸೊನ್ನೆ ನಿಲ್ಲದು. 713 ಮಾತ್ರ ಉಳಿಯುತ್ತದೆ. 2021ರ ಏಪ್ರಿಲ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರದವರು ನೋಂದಾಯಿತ ಗ್ರಾಹಕರಿಗೆ ಕೊಡುವ ತೆರಿಗೆ ಬಿಲ್ಲಿನಲ್ಲಿ ನಾಲ್ಕು ಅಂಕಿ, ಮೀರಿದವರು ಆರು ಅಂಕಿ ನಮೂದಿಸಬೇಕಾಗಿದೆ. ಆದ್ದರಿಂದ ಕಾಲಮನ್ನು ‘ಅಕ್ಷರ’ ಮಾದರಿಗೆ ತರದೆ ಗತ್ಯಂತರವಿಲ್ಲ.

ಆದೇಶವೇನೋ ಒಂದೇ ಸಾಲಿನದು. ಅದನ್ನು ವ್ಯಾಪಾರದ ವೇಳೆಯಲ್ಲಿ ಕೊಟ್ಟರೆ, ಪೋಸ್ಟ್‌ಗ್ರೆಸ್ ದತ್ತಸಂಚಯವು ಇಡೀ ಕೋಷ್ಟಕವನ್ನು ಹೊಸದಾಗಿ ಬರೆಯುತ್ತದೆ. ಅದು ಮುಗಿಯುವವರೆಗೆ ಓದಲೂ ಬರೆಯಲೂ ಆಗದು. ಮೈಎಸ್‌ಕ್ಯೂಎಲ್‌ನಲ್ಲಿ ಹಳೆಯ ಬಿಲ್ಲು ನೋಡಬಹುದು, ಹೊಸತು ಬರೆಯಲಾಗದು. ಗೋದಾಮಿನ ಮುಂದೆ ಲಾರಿ ನಿಂತಿರುವಾಗ ಎರಡೂ ಒಂದೇ! ಇದಕ್ಕಿಂತ ಕಠಿಣವಾದ ಸಂಗತಿ ಇನ್ನೊಂದಿದೆ. ಔರಾದ್‌ನ ಗುಮಾಸ್ತರು ತಿಂಗಳ ವರದಿ ತೆಗೆಯುತ್ತಿದ್ದರೆ ನಮ್ಮ ಆದೇಶ ಅದು ಮುಗಿಯಲೆಂದು ಕಾಯುತ್ತದೆ. ಆಮೇಲೆ ಬಂದ ಭಾಲ್ಕಿಯ ಪ್ರತಿಯೊಂದು ಬಿಲ್ಲೂ ಆದೇಶದ ಹಿಂದೆ ಸಾಲು ನಿಲ್ಲುತ್ತದೆ. ಬದಲಾವಣೆ ಆರಂಭವಾಗುವ ಮೊದಲೇ ಮಾರಾಟ ಸ್ಥಗಿತ. ಕಾರಣ ತಿಳಿಯದವರು ಇಂಟರ್‌ನೆಟ್ ಸಂಪರ್ಕವನ್ನು ದೂರುತ್ತಾರೆ.

ಹಳೆಯ ಕಾಲಮನ್ನು ಮುಟ್ಟದೆ, ಅದರ ಜೊತೆಗೆ ಖಾಲಿಯಾದ ಅಕ್ಷರ ಕಾಲಂ ಒಂದನ್ನು ಸೇರಿಸುವುದೇ ಲೇಸು. ಪೋಸ್ಟ್‌ಗ್ರೆಸ್‌ನಲ್ಲಿಯೂ, 2018ರಲ್ಲಿ ಬಂದ ಮೈಎಸ್‌ಕ್ಯೂಎಲ್ 8.0.12 ಆವೃತ್ತಿಯಿಂದೀಚೆಗೂ ಇದು ಕ್ಷಣಮಾತ್ರದ ಕೆಲಸ. ಆದರೂ ಸರದಿಯ ತೊಡಕು ಇದಕ್ಕೂ ಉಂಟು. ಕಾಯುವ ಅವಧಿಯನ್ನು ನಾಲ್ಕೈದು ಸೆಕೆಂಡಿಗೆ ಮಿತಿಗೊಳಿಸಿ, ಆಗದಿದ್ದರೆ ಮತ್ತೆ ಯತ್ನಿಸಬೇಕು. ಮಿತಿ ಹಾಕದಿದ್ದರೆ ಪೋಸ್ಟ್‌ಗ್ರೆಸ್ ಕೊನೆಯಿಲ್ಲದೆ ಕಾಯುತ್ತದೆ. ಮೈಎಸ್‌ಕ್ಯೂಎಲ್‌ನ ಮೂಲ ಮಿತಿಯೋ ಒಂದು ವರ್ಷ!

ಆ ಬಳಿಕ ಹೊಸ ಬಿಲ್ಲಿನ ಸಂಕೇತವನ್ನು ಎರಡೂ ಕಾಲಂಗಳಲ್ಲಿ ಬರೆಯುವಂತೆ ತಂತ್ರಾಂಶವನ್ನು ತಿದ್ದಿಸಿ, ಹಳೆಯ ದಾಖಲೆಗಳನ್ನು ಸಾವಿರ ಸಾವಿರದಂತೆ ಭರ್ತಿ ಮಾಡಿಸಿರಿ. ಇಲ್ಲಿ ಎಚ್ಚರ ಅಗತ್ಯ. ಎಲ್ಲದಕ್ಕೂ ಸೊನ್ನೆ ಸೇರಿಸಿದರೆ ಅಕ್ಕಿಯ 1006 ಕೆಡುತ್ತದೆ. ಸಂಕೇತಗಳು ನಾಲ್ಕು, ಆರು ಅಥವಾ ಎಂಟು ಅಂಕಿಗಳಲ್ಲಿರುವುದರಿಂದ, ಮೂರು, ಐದು ಅಥವಾ ಏಳು ಅಂಕಿ ಉಳಿದಲ್ಲಿ ಮಾತ್ರ ಸೊನ್ನೆ ಸೇರಿಸತಕ್ಕದ್ದು. ಮೂರೂ ಊರುಗಳು ಹೊಸ ಕಾಲಮನ್ನೇ ಓದತೊಡಗಿ, ಒಂದು ಅವಧಿಯ ರಿಟರ್ನ್ ಸಲ್ಲಿಕೆಯಾದ ಮೇಲೆ ಹಳೆಯದನ್ನು ತೆಗೆಯಬಹುದು.