ಕೋಳಿ ಕೂಗುವ ಹೊತ್ತಿನ ನೀರು

ಎಂ.ಎಸ್ಸಿ. ಪರಿಸರ ವಿಜ್ಞಾನದ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ಮೈಸೂರಿನ ಹೊರವಲಯದ ಒಂದು ಕೆರೆ. ಹೊಸ ಬಡಾವಣೆಗಳ ಕೊಳಚೆ ಒಂದು ಮೂಲೆಯಿಂದ ಬಂದು ಸೇರುತ್ತಿತ್ತು. ನೀರು ಪಾಚಿಗಟ್ಟಿ ಹಚ್ಚಹಸಿರಾಗಿತ್ತು, ಏರಿಯ ಮೇಲೆ ನಿಂತರೆ ಮೂಗು ಮುಚ್ಚಿಕೊಳ್ಳಬೇಕು. ಆದರೂ ನಾನು ತಂದ ನೀರಿನಲ್ಲಿ ಕರಗಿದ ಆಮ್ಲಜನಕ ಪ್ರತಿ ವಾರವೂ ಲೀಟರಿಗೆ 9 ಮಿಲಿಗ್ರಾಂ ದಾಟುತ್ತಿತ್ತು. ಮೀನು ಬದುಕಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಗೊತ್ತುಮಾಡಿರುವ ಕನಿಷ್ಠ ಮಟ್ಟ 4. ಅಷ್ಟೇ ಅಲ್ಲ, 25 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಶುದ್ಧ ನೀರು ಗಾಳಿಯಿಂದ ಹೀರಿ ಇಟ್ಟುಕೊಳ್ಳುವುದೇ ಸುಮಾರು 8. ಹಾಗಿದ್ದಮೇಲೆ 9 ಎಲ್ಲಿಂದ ಬಂತು ಎಂದು ನಾನು ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದ್ದ ನನಗೆ ಟೈಟ್ರೇಶನ್ ಮೂರು ಸಲವೂ ಒಂದೇ ಅಂಕಿ ಕೊಟ್ಟರೆ ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಪ್ರಾಣಿಶಾಸ್ತ್ರದಿಂದ ಬಂದ ನನ್ನ ಗೆಳತಿ ಮೊದಲ ದಿನವೇ ದಡದ ಕೆಸರನ್ನು ಬೊಗಸೆಯಲ್ಲಿ ಎತ್ತಿ ತೋರಿಸಿದ್ದಳು. ಅದರೊಳಗೆ ದಾರದೆಳೆಯಂಥ ಕೆಂಪು ಹುಳುಗಳು ಮಿಸುಕಾಡುತ್ತಿದ್ದವು. ಅವು ಕಚ್ಚದ ಒಂದು ಜಾತಿಯ ನೊಣದ ಮರಿಗಳು. ಮೈಯಲ್ಲಿ ಹಿಮೋಗ್ಲೋಬಿನ್ ಇರುವುದರಿಂದ ಉಸಿರೇ ಸಿಗದ ಕೆಸರಿನಲ್ಲೂ ಬದುಕುತ್ತವೆ. "ಇವು ಇಷ್ಟೊಂದು ಇರೋ ಕಡೆ ನಿನ್ನ 9 ಹೇಗೆ ಸರಿಹೋಗುತ್ತೆ?" ಎಂದಳು. ಹುಳುವನ್ನು ಯಾವ ಕೋಷ್ಟಕದಲ್ಲಿ ಹಾಕುವುದು ತಿಳಿಯದೆ ನಾನು ಸುಮ್ಮನಾದೆ. ನಮ್ಮ ತರಗತಿಯಲ್ಲಿ ಸಸ್ಯಶಾಸ್ತ್ರ, ಭೂವಿಜ್ಞಾನ, ಸೂಕ್ಷ್ಮಜೀವಶಾಸ್ತ್ರ ಓದಿ ಬಂದವರೆಲ್ಲ ಇದ್ದರು. ಈ ಕೋರ್ಸಿನ ನಿಜವಾದ ಗ್ರಂಥಾಲಯ ಪಕ್ಕದ ಬೆಂಚೇ ಎಂಬುದು ನನಗೆ ಹೊಳೆದದ್ದು ತಡವಾಗಿ.

ಆ ಕೆರೆಯಲ್ಲಿ ಬಲೆ ಬಿಡುತ್ತಿದ್ದ ಹಿರಿಯರೊಬ್ಬರು ನನ್ನನ್ನು ವಾರವಾರವೂ ನೋಡುತ್ತಿದ್ದರು. ಒಂದು ದಿನ ತೆಪ್ಪ ದಡಕ್ಕೆ ಎಳೆಯುತ್ತ ಕೇಳಿದರು: "ಹೊತ್ತೇರಿದ ಮ್ಯಾಲೆ ಬಂದು ನೀರು ತುಂಬ್ಕೊಂಡು ಹೋದ್ರೆ ಏನ್ ಗೊತ್ತಾಯ್ತದೆ ಕಣವ್ವ? ಕೋಳಿ ಕೂಗೋ ಹೊತ್ಗೆ ಬಾ. ಮೀನೆಲ್ಲಾ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡ್ತಿರ್ತವೆ."

ಮರುವಾರ ಗೆಳತಿಯ ಜೊತೆ ಬೆಳಗಿನ 5 ಗಂಟೆಗೇ ಹೋದೆ. ಕರಗಿದ ಆಮ್ಲಜನಕ ಅಳೆಯಲು ನಾವು ಬಳಸುತ್ತಿದ್ದುದು ಹಂಗೆರಿಯ ಲಾಯೋಶ್ ವಿಂಕ್ಲರ್ 1888ರಲ್ಲಿ ಪ್ರಕಟಿಸಿದ ವಿಧಾನ. ಗಾಳಿಗುಳ್ಳೆ ಸೇರದಂತೆ 300 ಮಿಲಿಲೀಟರಿನ ಬಾಟಲಿ ತುಂಬಿ, ಅಲ್ಲೇ ಮ್ಯಾಂಗನೀಸ್ ಸಲ್ಫೇಟ್ ಹಾಕಿ, ಮೇಲೆ ಕ್ಷಾರೀಯ ಅಯೋಡೈಡ್ ಬೆರೆಸಬೇಕು. ಆಮ್ಲಜನಕ ಇದ್ದರೆ ಕಂದು ಬಣ್ಣದ ಗಷ್ಟು ಕಟ್ಟುತ್ತದೆ, ಇಲ್ಲದಿದ್ದರೆ ಬಿಳಿಯದು. ಅಷ್ಟು ದಿನ ನನ್ನ ಬಾಟಲಿಗಳಲ್ಲಿ ಕಾಫಿ ಡಿಕಾಕ್ಷನ್ನಿನಂಥ ಕಂದು ಕಾಣುತ್ತಿತ್ತು. ಅವತ್ತು ಟಾರ್ಚ್ ಬೆಳಕಿನಲ್ಲಿ ಕಂಡದ್ದು ಒಡೆದ ಹಾಲಿನಂಥ ಬಿಳುಪು. ಲ್ಯಾಬಿನಲ್ಲಿ ಟೈಟ್ರೇಟ್ ಮಾಡಿದಾಗ ಅಂಕಿ 2ಕ್ಕೂ ಕೆಳಗಿತ್ತು. ಅಂಕಿ ನೋಡುವ ಮೊದಲೇ ನನಗೆ ವಿಷಯ ಗೊತ್ತಾಗಿತ್ತು, ಯಾಕೆಂದರೆ ಹಿರಿಯರು ಹೇಳಿದ ಹಾಗೆ ತೂಬಿನ ಬಳಿ ನೀರಿನ ಮೇಲೆಲ್ಲ ಪುಟ್ಟ ಬಾಯಿಗಳು ತೆರೆದು ಮುಚ್ಚುತ್ತಿದ್ದವು.

ಹಗಲು ಬಿಸಿಲಿರುವಷ್ಟು ಹೊತ್ತು ಪಾಚಿ ಆಮ್ಲಜನಕ ಬಿಡುತ್ತದೆ, ನೀರು ತಡೆದುಕೊಳ್ಳುವುದಕ್ಕಿಂತಲೂ ಹೆಚ್ಚು. ಕತ್ತಲಾದ ಮೇಲೆ ಅದೇ ಪಾಚಿ, ಕೊಳಚೆಯನ್ನು ತಿನ್ನುವ ಬ್ಯಾಕ್ಟೀರಿಯಾ, ಮೀನು, ಹುಳು ಎಲ್ಲವೂ ಸೇರಿ ಇದ್ದದ್ದನ್ನು ಖಾಲಿಮಾಡುತ್ತವೆ. ಸೂರ್ಯ ಹುಟ್ಟುವ ಮೊದಲು ತಳ ಕಾಣುತ್ತದೆ. ಇದು ಪುಸ್ತಕದಲ್ಲಿತ್ತು, ಪರೀಕ್ಷೆಯಲ್ಲಿ ನಾನೇ ಬರೆದು ಅಂಕ ಪಡೆದಿದ್ದೆ. ನನ್ನ 9 ಕೆರೆಯ ಆರೋಗ್ಯದ ಗುರುತಾಗಿರಲಿಲ್ಲ, ಕಾಯಿಲೆಯದಾಗಿತ್ತು.

ಆಮೇಲೆ ಮೂರು ಗಂಟೆಗೊಮ್ಮೆಯಂತೆ ಇಡೀ ದಿನದ ನೀರು ತೆಗೆದೆವು. ಪ್ರಬಂಧದ ಎಲ್ಲ ಕೋಷ್ಟಕಗಳಲ್ಲೂ ಹೊತ್ತನ್ನು ಬರೆದೆ. ಈಗ ಯಾವ ವರದಿ ಕೈಗೆ ಬಂದರೂ ಮೊದಲು ಅದನ್ನೇ ಹುಡುಕುತ್ತೇನೆ. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಅಡಿ ಬರುವ ಬಹಳಷ್ಟು ವರದಿಗಳು ಮಳೆಗಾಲ ಬಿಟ್ಟು ಒಂದೇ ಋತುವಿನ ಮಾಪನದ ಮೇಲೆ ನಿಂತಿರುತ್ತವೆ. ಒಂದೇ ದಿನದಲ್ಲಿ ಒಂದು ಕೆರೆ ಇಷ್ಟು ಬದಲಾಗುವುದನ್ನು ಕಂಡಮೇಲೆ ಅಂಥ ಅಂಕಿಗಳ ಮೇಲೆ ಕಣ್ಣು ಹಾಯಿಸಿ ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ.

ಪ್ರಬಂಧ ಮುಗಿಸುವ ಮುನ್ನ ಮೀನು ಹಿಡಿಯುವವರಿಗಾಗಿ ಎರಡು ಪುಟದ ಕನ್ನಡ ಸಾರಾಂಶ ಬರೆಯಲು ಕುಳಿತೆ. 'ಜೈವಿಕ ಆಮ್ಲಜನಕ ಬೇಡಿಕೆ' ಎಂದು ಬರೆದು ಹೊಡೆದುಹಾಕಿದೆ. ಯಾರು ಬೇಡುತ್ತಾರೆ, ಯಾರನ್ನು? ಕೊನೆಗೆ, ನೀರಿನ ಹೊಲಸನ್ನು ಅರಗಿಸಲು ಬ್ಯಾಕ್ಟೀರಿಯಾಗಳು 27 ಡಿಗ್ರಿಯಲ್ಲಿ ಮೂರು ದಿನಕ್ಕೆ ತಿನ್ನುವ ಆಮ್ಲಜನಕ ಎಂದು ಬಿಡಿಸಿ ಬರೆದೆ. ಪಠ್ಯಪುಸ್ತಕದ 20 ಡಿಗ್ರಿ, ಐದು ದಿನದ ಲೆಕ್ಕವನ್ನು ನಮ್ಮ ಸೆಕೆಯ ನಾಡಿಗೆ ಹೀಗೆ ಬದಲಿಸಿಕೊಂಡಿದ್ದಾರೆ ಎಂಬುದು ಆ ವಾಕ್ಯ ಕಟ್ಟುವಾಗಲೇ ನನ್ನೊಳಗೆ ಇಳಿದದ್ದು.

ಸಾರಾಂಶವನ್ನು ಏರಿಯ ಮೇಲೆ ಕುಳಿತು ಓದಿ ಹೇಳಿದೆ. ಹಿರಿಯರು ಬೀಡಿ ಆರಿಸಿ ಪೂರ್ತಿ ಕೇಳಿದರು. "ಎರಡು ಮೂರು ದಿನ ಮೋಡ ಮುಚ್ಕೊಂಡ್ರೆ ಇನ್ನೂ ಜಾಸ್ತಿ ಸಾಯ್ತವೆ. ಅದ್ನ ಬರ್ದಿಲ್ವಲ್ಲ?" ಎಂದರು. ನಾವು ನೀರು ತೆಗೆದದ್ದು ಬರೀ ಬಿಸಿಲಿನ ದಿನಗಳಲ್ಲಿ. ಅವತ್ತು ರಾತ್ರಿ ಪ್ರಬಂಧದ ಕೊನೆಯ ಅಧ್ಯಾಯವನ್ನು ಮತ್ತೆ ತೆರೆದು, ಇನ್ನೂ ಅಳೆಯಬೇಕಾದವುಗಳ ಪಟ್ಟಿಯಲ್ಲಿ ಮೊದಲನೆಯ ಸಾಲಾಗಿ ಮೋಡದ ದಿನಗಳನ್ನು ಸೇರಿಸಿದೆ.